ಬಾಣಂತಿ ಕೋಣೆಯ ಒಲೆ

ದೂರು ಬಂದದ್ದು ಗ್ಯಾಸ್ ಸೋರುತ್ತಿದೆ ಎಂದು. ಮೂಡಲಗಿಯ ನಮ್ಮ ಏಜೆನ್ಸಿಗೆ ಇಂಥ ದೂರು ಹೊಸದಲ್ಲ. ಹೊಸದಾಗಿದ್ದದ್ದು ಫೋನು ಮಾಡಿದವರು ಇಡುವ ಮೊದಲು ಸೇರಿಸಿದ ಮಾತು: ವಾಸನೆ ಇಲ್ಲ, ಸಿಲಿಂಡರ್ ಮಾತ್ರ ಬೇಗ ಬರಿದಾಗುತ್ತದೆ. ಸೋರಿದ ಗ್ಯಾಸು ಗೊತ್ತಾಗಲೆಂದೇ ಅದರಲ್ಲಿ ಕೆಟ್ಟ ವಾಸನೆಯ ಪದಾರ್ಥ ಬೆರೆಸಿರುತ್ತಾರೆ. ಹಾಗಾದರೆ ವಾಸನೆಯೇ ಇಲ್ಲದೆ ಗ್ಯಾಸು ಹೋಗುವುದೆಲ್ಲಿಗೆ? ಸಾಮಾನಿನ ಚೀಲವನ್ನು ಬೈಕಿಗೆ ಕಟ್ಟಿಕೊಂಡು ಕುಲಗೋಡದ ದಾರಿ ಹಿಡಿದಾಗ, ಏಜೆನ್ಸಿಯ ಮೆಕ್ಯಾನಿಕ್ ಆದ ನನಗೆ ಈ ಪ್ರಶ್ನೆ ಸ್ವಲ್ಪ ಖುಷಿಯನ್ನೇ ಕೊಟ್ಟಿತ್ತು. ಸೋರುವ ಪೈಪು, ಸವೆದ ವಾಶರು ನೋಡಿ ನೋಡಿ ಬೇಸತ್ತವನಿಗೆ ಬಿಡಿಸಲೊಂದು ಗಂಟು ಸಿಕ್ಕಂತಾಗಿತ್ತು.

ಮನೆ ಹೊಲದಲ್ಲಿತ್ತು. ಮುಂದೆ ಹೊಸದಾಗಿ ಕಟ್ಟಿದ ಸ್ಲ್ಯಾಬಿನ ಮನೆ, ಅದರ ಹಿಂದೆ ಮಣ್ಣಿನ ಚಾವಣಿಯ ಹಳೆಯ ಮಾಳಿಗೆ ಮನೆ. ಹಳೆಯದರಲ್ಲಿ ಈಗ ಎಮ್ಮೆ ಕಟ್ಟುತ್ತಿದ್ದರು. ಮನೆಯ ಯಜಮಾನರು ಅಂಗಳದಲ್ಲೇ ಕಾಯುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಹೆಂಡತಿ ತೀರಿಹೋಗಿದ್ದರು. ಮಗಳು ಹುಕ್ಕೇರಿ ಕಡೆ ಕೊಟ್ಟವಳು, ನಿಡಸೋಸಿಯ ಕಾಲೇಜಿನಲ್ಲಿ ಕೆಲಸ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತನವನ್ನು ಯಜಮಾನರ ತಾಯಿಯೇ ಮಾಡುತ್ತಿದ್ದರು. ಆ ಮನೆಯಲ್ಲಿ ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

"ಕೂಸಿಗೆ ನೀರು, ಕಷಾಯ ಕಾಸಾಕಂತ ಈ ಸಣ್ಣ ಸಿಲಿಂಡರ್ ತಂದೇನ್ರಿ ಮಿಸ್ತ್ರಿಯವರ," ಎಂದರು ಯಜಮಾನರು. "ತಿಂಗಳಗಟ್ಟಲೆ ಬರಬೇಕಾದ್ದು. ಹಿಂಗ ಹಚ್ಚಿ ಹಂಗ ನೋಡೂದ್ರಾಗ ಖಾಲಿ. ನಿಮ್ಮವರ ಅರ್ಧಾ ತುಂಬಿ ಕೊಡತಾರೋ, ಇಲ್ಲಾ ಇದಕ್ಕ ಎಲ್ಲೆರ ತೂತ ಐತೋ, ನೋಡ್ರಿ."

ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಆಯಿ ತಲೆ ಎತ್ತದೆ ಹೇಳಿದರು: "ತೂತ ಇದ್ರ ಏಜೆನ್ಸಿಯವರ ಕಿಸೆದಾಗ ಇರತೈತಿ. ಕಬ್ಬಿಣಕ್ಕ ಎಲ್ಲಿಂದ ಬರಬೇಕು."

"ಆಯಿ, ನಾ ಇಲ್ಲೇ ನಿಂತೇನಿ," ಎಂದೆ.

"ಅದಕ್ಕ ಹೇಳಾಕತ್ತೇನಿ. ಇಲ್ಲದಾಗ ಅಂದ್ರ ಚಾಡಿ ಆಗತೈತಿ."

ಸಿಲಿಂಡರ್ ಇದ್ದ ಜಾಗ ನೋಡಬೇಕು ಎಂದೆ. ಯಜಮಾನರು ಸ್ವಲ್ಪ ತಡೆದರು. ಒಲೆ, ಸಿಲಿಂಡರ್ ಎರಡೂ ಬಾಣಂತಿ ಕೋಣೆಯಲ್ಲಿದ್ದವು. ಆ ಕೋಣೆಯೊಳಗೆ ಹೊರಗಿನ ಗಂಡಸರು ಹೋಗುವಂತಿಲ್ಲ. ಇದು ಆ ಮನೆಯೊಂದರ ಪದ್ಧತಿಯಲ್ಲ, ನಮ್ಮ ಮನೆಯಲ್ಲೂ ಹಾಗೇ. ನಾನು ಒತ್ತಾಯ ಮಾಡಲಿಲ್ಲ. ಮಲಗುವ ಕೋಣೆಯಲ್ಲಿ ಸಿಲಿಂಡರ್ ಇಡಬಾರದು ಎಂದಷ್ಟೇ ಹೇಳಿದೆ. "ಕೂಸಿನ ಹೆಸರಿಡೂ ತನಕರಿ, ಆಮ್ಯಾಲೆ ಹೊರಗ," ಎಂದರು. ಆಯಿ ಒಳಗೆ ಹೋಗಿ ಒಂದೊಂದಾಗಿ ತಂದು ಅಂಗಳದಲ್ಲಿಟ್ಟರು: ಒಂಟಿ ಒಲೆ, ಅದರ ಮೇಲೆ ಪಾತ್ರೆ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು, ಪೈಪು, ರೆಗ್ಯುಲೇಟರು. ಸಿಲಿಂಡರನ್ನು ಯಜಮಾನರು ಎತ್ತಿಕೊಂಡು ಬಂದರು.

ಸೋರಿಕೆ ಹುಡುಕುವುದು ಅವಸರದ ಕೆಲಸವಲ್ಲ. ಮೊದಲು ರೆಗ್ಯುಲೇಟರ್ ತೆಗೆದು ಸಿಲಿಂಡರಿನ ಬಾಯೊಳಗಿನ ರಬ್ಬರ್ ವಾಶರ್ ನೋಡಿದೆ. ಬಿರುಕಿಲ್ಲ, ಜಾಗದಲ್ಲೇ ಕೂತಿದೆ. ಬಾಯಿಗೆ ಸೋಪಿನ ನೀರು ಹಚ್ಚಿ ಕಾದೆ. ಗುಳ್ಳೆ ಏಳಲಿಲ್ಲ. ಪೈಪನ್ನು ಬೆರಳುಗಳ ನಡುವೆ ಬಗ್ಗಿಸುತ್ತ ಉದ್ದಕ್ಕೂ ನೋಡಿದೆ. ಹೊಸದು. ಎಲ್ಲ ಜೋಡಿಸಿ ಕೂಡುವಲ್ಲೆಲ್ಲ ಕುಂಚದಿಂದ ಸೋಪು ಹಚ್ಚಿದೆ. ಆಮೇಲೆ ಗೇಜು ಹಾಕಿ, ಒಳಗೆ ಗ್ಯಾಸು ತುಂಬಿಸಿ, ರೆಗ್ಯುಲೇಟರ್ ಮುಚ್ಚಿ, ಮುಳ್ಳನ್ನೇ ನೋಡುತ್ತ ಕೂತೆ. ಎಲ್ಲಾದರೂ ಕೂದಲೆಳೆಯಷ್ಟು ಸಂದಿದ್ದರೂ ಮುಳ್ಳು ನಿಧಾನಕ್ಕೆ ಇಳಿಯಬೇಕು. ಚಹಾ ಬಂತು, ಕುಡಿದೆ. ಲೋಟ ಕೆಳಗಿಟ್ಟಾಗಲೂ ಮುಳ್ಳು ಅಲ್ಲೇ ಇತ್ತು. ಕೊನೆಗೆ ಒಲೆ ಹಚ್ಚಿದೆ. ಗಾಳಿಗೆ ಅಡ್ಡ ಹಲಗೆ ಹಿಡಿದು ನೋಡಿದರೆ ಸುತ್ತಲೂ ಒಂದೇ ಎತ್ತರದ ನೀಲಿ ಉರಿ. ದೂಷಿಸಲು ಏನೂ ಇಲ್ಲ.

"ಒಲಿ ಚಲೋ ಐತ್ರಿ," ಎಂದೆ. "ಸೋರಿಕೆ ಎಲ್ಲೂ ಇಲ್ಲ."

"ಹಂಗಾರ ನನ್ನ ತಲಿ ಯಾಕ ಹಿಡೀತೈತ್ರಿ?"

ಮಾತು ಬಂದದ್ದು ಕೋಣೆಯ ಬಾಗಿಲಿನ ಪರದೆಯ ಹಿಂದಿನಿಂದ. ಬಾಣಂತಿ. ಅವಳ ದನಿ ಕೇಳಿದ್ದು ನನಗೆ ಅದೇ ಮೊದಲು.

"ಯಾವಾಗ ಹಿಡೀತೈತಿ ತಂಗಿ?"

"ಮುಂಜಾನೆ ಏಳೂದ್ರಾಗ. ಹಣಿಗೆ ಹಗ್ಗ ಕಟ್ಟಿ ಬಿಗದಂಗ. ಬಚ್ಚಲಕ್ಕ ಹೋಗಿ ಎರಕೊಂಡು ಬಿಸಲಾಗ ಕುಂತ್ರ ಹಗರಾಗತೈತಿ. ಗ್ಯಾಸ್ ಸೋರಿದ್ರ ಹಿಂಗ ಆಗತೈತೇನು ಅಂತ ಅಪ್ಪಗ ನಾನ ಹೇಳಿದ್ದೆ."

"ವಾಸನಿ?"

"ಇಲ್ರಿ. ಲೋಬಾನದ್ದು ಬಿಟ್ರ ಏನೂ ಇಲ್ಲ."

"ಬಾಣಂತಿ ಅಂದ ಮ್ಯಾಲೆ ತಲಿ ನೋಯೂದ," ಎಂದರು ಆಯಿ. "ಕೂಸನ್ನ ನೋಡು, ಎಷ್ಟ ಶಾಣ್ಯಾ. ರಾತ್ರಿ ಕುಂಯ್ ಅನ್ನಂಗಿಲ್ಲ. ಇಕಿ ಅಪ್ಪ ಸಣ್ಣಾಂವಿದ್ದಾಗ ಅಳತಿದ್ದ, ಬಾಜೂ ಹೊಲದವರೂ ಎದ್ದು ಕೂಡತಿದ್ರು."

ಯಜಮಾನರು ನಕ್ಕರು. ನಾನೂ ನಕ್ಕೆ. ಆ ನಗು ಈಗಲೂ ನೆನಪಾಗುತ್ತದೆ.

ಗ್ಯಾಸು ಹೋಗುತ್ತಿರುವುದು ನಿಜವೇ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು ಎನ್ನಿಸಿತು. ನನ್ನ ಚೀಲದಲ್ಲಿ ತೂಗುಹಾಕಿ ತೂಕ ನೋಡುವ ಸ್ಪ್ರಿಂಗಿನ ಕಾಟಾ ಇತ್ತು. ಅದನ್ನು ಹಳೆಯ ಮನೆಯ ತೊಲೆಗೆ ಕಟ್ಟಿದೆ. ರಾತ್ರಿ ಊಟವಾದ ಮೇಲೆ ರೆಗ್ಯುಲೇಟರ್ ಮುಚ್ಚಿ, ಸಿಲಿಂಡರ್ ಬಿಚ್ಚಿ, ತಂದು ತೂಗಿ, ಮತ್ತೆ ಒಳಗೆ ಜೋಡಿಸಿ ಮುಚ್ಚಿಯೇ ಇಡಬೇಕು. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಮತ್ತೆ ತೂಗಬೇಕು. ಯಜಮಾನರಿಗೆ ತೋರಿಸಿಕೊಟ್ಟೆ. ಮುಚ್ಚಿದ ಸಿಲಿಂಡರ್ ಹಗುರಾದರೆ ತಪ್ಪು ಸಿಲಿಂಡರಿನದು, ಹಗುರಾಗದಿದ್ದರೆ ಹಗಲು ಹೆಚ್ಚು ಸುಡುತ್ತಿದ್ದಾರೆ ಎಂದರ್ಥ. ನನ್ನ ಲೆಕ್ಕ ಸರಳವಾಗಿತ್ತು.

ಮರುದಿನ ಬೆಳಿಗ್ಗೆ ಅವರ ಫೋನು ಬಂತು. ಅರ್ಧ ಕಿಲೋದ ಹತ್ತಿರ ಇಳಿದಿತ್ತು.

ಹೋಗಿ ಕಾಟಾ ಪರೀಕ್ಷಿಸಿದೆ. ಸರಿ ಇತ್ತು. ಸಿಲಿಂಡರಿನ ಬಾಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದೆ. ಒಂದು ಗುಳ್ಳೆಯೂ ಇಲ್ಲ. ಆದರೂ ಸಿಲಿಂಡರ್ ಬದಲಿಸಿ ಕೊಟ್ಟೆ. ಬದಲಿಸಿದ್ದೂ ರಾತ್ರಿಯಲ್ಲಿ ಅಷ್ಟೇ ಹಗುರಾಯಿತು. ಏಜೆನ್ಸಿಯ ಮ್ಯಾನೇಜರ್ ರೆಗ್ಯುಲೇಟರ್ ಬದಲಿಸು ಎಂದರು. ಬದಲಿಸಿದೆ. ಆಗಲೂ ಅಷ್ಟೇ.

"ರಾತ್ರಿ ಮುಚ್ಚೀರಿ ಹೌದಲ್ರಿ ಕಾಕಾ?" ಎಂದು ಯಜಮಾನರನ್ನು ಮತ್ತೊಮ್ಮೆ ಕೇಳಿದೆ.

ಅವರಿಗೆ ಸಿಟ್ಟು ಬಂತು. "ನಾನ ಕೈಲೆ ಮುಚ್ಚೇನಿ. ದೇವರ ಮುಂದ ನಿಲ್ಲಿಸಿ ಕೇಳಬೇಕೇನು? ನಮ್ಮ ಮನ್ಯಾಗ ಆಣಿ ಮಾಡಾಕ ದೇವರೂ ಇಲ್ಲ, ಬುದ್ಧ ಇದ್ದಾನ." ಪಡಸಾಲೆಯ ಗೋಡೆಯ ಮೇಲೆ ಕಣ್ಣುಮುಚ್ಚಿ ಕೂತ ಬುದ್ಧನ ಚಿತ್ರ ಇತ್ತು. ಅವರು ಸುಳ್ಳು ಹೇಳುವವರಲ್ಲ ಎಂದು ನನಗೆ ಗೊತ್ತಿತ್ತು. ಕಾಟಾ ಕೂಡ ಸುಳ್ಳು ಹೇಳುತ್ತಿರಲಿಲ್ಲ.

ವಾಪಸು ಬರುವಾಗ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನಿಧಾನಕ್ಕೆ ಬೈಕು ನಡೆಸುತ್ತ ಮತ್ತೆ ಮೊದಲಿಂದ ಯೋಚಿಸಿದೆ. ಸಿಲಿಂಡರ್ ಬದಲಾಗಿದೆ, ರೆಗ್ಯುಲೇಟರ್ ಬದಲಾಗಿದೆ, ಕಾಟಾ ಪರೀಕ್ಷೆಯಾಗಿದೆ. ಬದಲಾಗದೆ ಉಳಿದದ್ದು ಒಂದೇ, ಅದು ಕೋಣೆ. ನಾನು ನೋಡದೆ ಇದ್ದದ್ದೂ ಅದೊಂದೇ. ಪ್ರತಿ ಸಲವೂ ಒಲೆ ನನ್ನ ಹತ್ತಿರ ಬಂದಿತ್ತು, ನಾನು ಒಲೆಯ ಹತ್ತಿರ ಹೋಗಿರಲಿಲ್ಲ. ಮರುದಿನ ಯಾರೂ ಅದನ್ನು ಎತ್ತಿ ಹೊರಗೆ ತರುವ ಮೊದಲೇ ಹೋಗಿ, ಒಳಗೆ ಹೋಗಲಾಗದಿದ್ದರೂ ಬಾಗಿಲಲ್ಲಿ ನಿಂತಾದರೂ, ಅದು ಇರುವ ಸ್ಥಿತಿಯಲ್ಲೇ ನೋಡಬೇಕು ಎಂದುಕೊಂಡೆ. ಫೋನು ಮಾಡಿ ಹೇಳಲಿಲ್ಲ. ಹೇಳಿದರೆ ಮತ್ತೆ ತಂದು ಅಂಗಳದಲ್ಲಿಟ್ಟು ಕಾಯುತ್ತಿದ್ದರು.

ಮರುದಿನ ಬೆಳಿಗ್ಗೆ ಚಳಿ ಜೋರಿತ್ತು. ನಾನು ಮನೆ ಮುಟ್ಟಿದಾಗ ಬೆಳಕು ಹರಿದಿತ್ತು, ಬಿಸಿಲು ಬಿದ್ದಿರಲಿಲ್ಲ. ಯಜಮಾನರು ಡೈರಿಗೆ ಹಾಲು ಹಾಕಲು ಹೋಗಿದ್ದರು. ಆಯಿ ಬಚ್ಚಲೊಲೆಗೆ ಕಬ್ಬಿನ ಒಣಗರಿಯ ರವದಿ ತುರುಕುತ್ತಿದ್ದರು.

"ಇಷ್ಟ ಲಗೂನ? ಇವತ್ತ ಚಹಾನೂ ಆಗಿಲ್ಲ ಮಿಸ್ತ್ರಿ."

"ಚಹಾ ಬ್ಯಾಡ್ರಿ ಆಯಿ. ಒಲಿ ಇದ್ದಲ್ಲೇ ನೋಡಬೇಕಾಗೇತಿ. ಬಾಗಲದಾಗ ನಿಂತ ನೋಡತೇನಿ."

"ಏಳಲಿ ತಡಿ. ಬೆಚ್ಚಗ ಮಲಗ್ಯಾವು ಎರಡೂ."

ಅವರು ಪರದೆ ಸರಿಸಿ, ಬಾಗಿಲು ದೂಡಿ ಒಳಗೆ ಹೋದರು. ಬಾಗಿಲ ಹೊರಗೆ ಹೊಸ್ತಿಲಿಗೆ ಅಡ್ಡಲಾಗಿ ಅವರ ಹಾಸಿಗೆ ಇತ್ತು. ರಾತ್ರಿ ಕರೆದರೆ ಕೇಳಲಿ ಎಂದು ಅವರು ಅಲ್ಲೇ ಮಲಗುತ್ತಿದ್ದರು. ಮೊದಲು ಮೊಮ್ಮಗಳ ಹೆಸರು ಮೆಲ್ಲಗೆ ಕೇಳಿಸಿತು. ಆಮೇಲೆ ಜೋರಾಗಿ. ಆಮೇಲೆ ಆಯಿ ಹೆಸರು ಹಿಡಿದು ಕರೆಯುವುದನ್ನು ಬಿಟ್ಟರು.

"ಏಳವಲ್ಲಳೋ. ಯಪ್ಪಾ, ಏಳವಲ್ಲಳೋ."

ನಾನು ಹೊಸ್ತಿಲವರೆಗೆ ಓಡಿ ನಿಂತೆ. ಒಂದು ಕ್ಷಣ ನಿಂತದ್ದು ಸತ್ಯ. ಆಯಿ ತಿರುಗಿ ನನ್ನನ್ನು ನೋಡಿದರು. ಅವರು ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಾನು ಅವರ ಹಾಸಿಗೆ ದಾಟಿ ಒಳಗೆ ಹೋದೆ.

ಒಳಗೆ ಭಾರವಾದ ಶಾಖ. ಗ್ಯಾಸಿನ ವಾಸನೆ ಇರಲಿಲ್ಲ. ಲೋಬಾನ, ಬೆಳ್ಳುಳ್ಳಿ, ಬಾಣಂತಿ ಎಣ್ಣೆ, ಅಷ್ಟೇ. ಕಣ್ಣು ಸ್ವಲ್ಪ ಉರಿಯಿತು. ಹೊರಸಿನ ಮೇಲೆ ಮಗಳು ಅರ್ಧ ಕಣ್ಣು ತೆರೆದು ಮಲಗಿದ್ದಳು, ತುಟಿ ಏನೋ ಹೇಳಲು ನೋಡುತ್ತಿತ್ತು. ಪಕ್ಕದಲ್ಲಿ ಕೂಸು ಅರಿವೆಯಲ್ಲಿ ಸುತ್ತಿಕೊಂಡು ಸುಮ್ಮನಿತ್ತು. ಹೊರಸಿನ ಕಾಲಬದಿಗೆ ನೆಲದ ಮೇಲೆ ಒಲೆ ಇತ್ತು. ಅದು ನಾನು ಅಂಗಳದಲ್ಲಿ ನೋಡಿದ ಒಲೆಯಂತಿರಲಿಲ್ಲ. ಕಬ್ಬಿಣದ ಸ್ಟ್ಯಾಂಡು ಇಲ್ಲ. ಬರ್ನರಿನ ಮೇಲೆ ನೇರವಾಗಿ, ಬೋರಲಾಗಿ, ರೊಟ್ಟಿ ಸುಡುವ ದೊಡ್ಡ ಹಂಚು. ಹಂಚಿನ ಮೇಲೆ ಕಾಸುವ ಬಟ್ಟೆಗಳ ಮಡಿಕೆ. ಹಂಚಿನ ಅಂಚಿನಿಂದ ಅಲ್ಲಲ್ಲಿ ಹಳದಿ ಉರಿಯ ಸಣ್ಣ ನಾಲಿಗೆಗಳು ಹೊರಬಂದು ಒಳಸರಿಯುತ್ತಿದ್ದವು.

ಒಲೆ ಉರಿಯುತ್ತಿತ್ತು. ಗ್ಯಾಸು ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಅಷ್ಟೇ ಆಗಿತ್ತು.

ಒಲೆಯ ಕಿವಿ ತಿರುಗಿಸಿ, ರೆಗ್ಯುಲೇಟರ್ ಮುಚ್ಚಿದೆ. ಕೂಸನ್ನು ಎತ್ತಿ ಆಯಿಯ ಕೈಗೆ ಕೊಟ್ಟು, "ಅಂಗಳಕ್ಕ ಹೋಗ್ರಿ, ಮುಖದ ಮ್ಯಾಗಿನ ಅರಿವಿ ತಗೀರಿ," ಎಂದೆ. "ಗಾಳಿ ಬಡಿತೈತಿ," ಎಂದರು ಅವರು, ಅಭ್ಯಾಸದಿಂದ. "ಬಡೀಲಿ," ಎಂದೆ. ಮಗಳನ್ನು ಎತ್ತಲು ನನ್ನೊಬ್ಬನಿಂದ ಆಗಲಿಲ್ಲ. ಅವಳು ಮಲಗಿದ್ದ ಕೌದಿಯ ಎರಡು ಮೂಲೆ ಹಿಡಿದು ಹೊರಸಿನಿಂದ ನೆಲಕ್ಕೆ ಜಾರಿಸಿ, ಹಾಗೇ ಎಳೆದುಕೊಂಡು ಪಡಸಾಲೆ ದಾಟಿ ಅಂಗಳಕ್ಕೆ ತಂದೆ. ಕೌದಿ ಗಟ್ಟಿಯಿತ್ತು, ಹರಿಯಲಿಲ್ಲ. ತಣ್ಣನೆಯ ಗಾಳಿಗೆ ಬಂದ ಸ್ವಲ್ಪ ಹೊತ್ತಿಗೆ ಅವಳು ಪಕ್ಕಕ್ಕೆ ಹೊರಳಿ ವಾಂತಿ ಮಾಡಿದಳು. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತು ಎಂದು ಹೇಳಲು ಬರುವುದಿಲ್ಲ.

ಬಾಜೂ ಹೊಲದವರ ಕಾರಿನಲ್ಲಿ ಗೋಕಾಕಕ್ಕೆ ಹೊರಟೆವು. ಅಷ್ಟರಲ್ಲಿ ಯಜಮಾನರೂ ಬಂದಿದ್ದರು. ಕಾರಿನ ಎಲ್ಲ ಗಾಜು ಇಳಿಸಿದ್ದೆವು. ಆಯಿ ಕೂಸನ್ನು ಎದೆಗೆ ಒತ್ತಿಕೊಂಡು ಅದರ ಬಾಯನ್ನೇ ನೋಡುತ್ತಿದ್ದರು. ಕೂಸು ಉಸಿರಾಡುತ್ತಿತ್ತು, ಆದರೆ ಕಣ್ಣು ಬಿಡುತ್ತಿರಲಿಲ್ಲ, ಅಳುತ್ತಿರಲಿಲ್ಲ. "ಅಳ ನಮ್ಮವ್ವ, ಅಳ," ಎನ್ನುತ್ತಿದ್ದರು. ಗೋಕಾಕ ಹತ್ತಿರವಾಗುವಾಗ ಅದು ಮುಖ ಕಿವಿಚಿ, ಒಣಗಿದ ದನಿಯಲ್ಲಿ ಒಮ್ಮೆ ಅತ್ತಿತು. 

ಆಸ್ಪತ್ರೆಯಲ್ಲಿ ಇದ್ದವರು ಒಬ್ಬ ಡಾಕ್ಟರಮ್ಮ. ಯಜಮಾನರು "ಗ್ಯಾಸ್ ಸೋರಿ ಹಿಂಗಾತ್ರಿ" ಎಂದರು. ನರ್ಸು ಬಾಣಂತಿಯ ಬೆರಳಿಗೆ ಆಮ್ಲಜನಕ ಅಳೆಯುವ ಸಣ್ಣ ಯಂತ್ರ ಸಿಕ್ಕಿಸಿ, "ಇದರಾಗ ಚಲೋ ತೋರಸತೈತ್ರಿ ಮೇಡಂ," ಎಂದಳು.

ಡಾಕ್ಟರಮ್ಮ ಯಂತ್ರ ನೋಡಲಿಲ್ಲ, ನನ್ನನ್ನು ನೋಡಿದರು. "ಮೊದಲು ಒಳಗ ಹೋದವರು ಯಾರು? ನೀವಾ? ಒಲಿ ಉರೀತಿತ್ತೋ, ಆರಿತ್ತೋ?"

"ಉರೀತಿತ್ರಿ."

"ಖಾತ್ರಿ?"

"ನಾನ ಆರಿಸೇನ್ರಿ. ಉರಿ ಹಳದಿ ಇತ್ತು. ಮ್ಯಾಲೆ ಹಂಚು ಬೋರಲು ಹಾಕಿದ್ರು. ಸೋರಿಕಿ ಇರಲಿಲ್ಲ, ವಾಸನಿ ಇರಲಿಲ್ಲ."

"ಕಿಟಕಿ?"

"ಮುಚ್ಚಿತ್ರಿ."

ಅವರು ತಕ್ಷಣ ಇಬ್ಬರಿಗೂ ಆಕ್ಸಿಜನ್ ಹಚ್ಚಿಸಿದರು. ಬೆರಳಿನ ಯಂತ್ರ ಏನೇ ತೋರಿಸಲಿ, ನಾನು ಹೇಳುವವರೆಗೆ ತೆಗೆಯಬೇಡ ಎಂದು ನರ್ಸಿಗೆ ಹೇಳಿದರು. ಕೂಸನ್ನು ಬೇರೆ ಕೋಣೆಗೆ ಒಯ್ದರು. ಅದರ ವಿಷಯ ಈಗಲೇ ಏನೂ ಹೇಳಲು ಬರುವುದಿಲ್ಲ ಎಂದರು. ಆಯಿ ಆ ಕೋಣೆಯ ಮುಂದೆ ನೆಲದ ಮೇಲೆ ಕೂತರು. ಎಬ್ಬಿಸಿ ಬೆಂಚಿಗೆ ಕೂರಿಸಲು ಯಾರಿಂದಲೂ ಆಗಲಿಲ್ಲ.

ಮಧ್ಯಾಹ್ನ ಬಿಡುವಾದಾಗ ನಾನು ಡಾಕ್ಟರಮ್ಮನನ್ನು ಕೇಳಿದೆ. ಸೋರಿಕೆಯ ಬಗ್ಗೆ ನನಗೆ ಗೊತ್ತಿತ್ತು: ಈ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಒಲೆ ಉರಿಯುತ್ತಿರುವಾಗ ಮನೆಗೆ ಅಪಾಯ ಎಂದರೆ ಬೆಂಕಿಯದು, ಉಕ್ಕಿದ ಹಾಲು ಉರಿ ಆರಿಸಿ ಗ್ಯಾಸು ಹೊರಬರುವುದು, ಇಷ್ಟನ್ನೇ ನಾವು ಮನೆಮನೆಗೆ ಹೇಳುತ್ತ ಬಂದದ್ದು. ಆರದೆ, ಸೋರದೆ, ಶಾಂತವಾಗಿ ಉರಿಯುವ ಒಲೆ ಮನುಷ್ಯರನ್ನು ಹೇಗೆ ಬೀಳಿಸುತ್ತದೆ?

"ಉರಿಗೂ ನಮ್ಮಂಗ ಗಾಳಿ ಬೇಕಲ್ಲ," ಎಂದರು. "ಗಾಳಿ ಸಾಕಷ್ಟು ಸಿಗಲಿಲ್ಲಂದ್ರ ಅರ್ಧಂಬರ್ಧ ಉರೀತೈತಿ. ಆಗ ಕಾರ್ಬನ್ ಮೊನಾಕ್ಸೈಡ್ ಹುಟ್ಟತೈತಿ. ಬಣ್ಣ ಇಲ್ಲ, ವಾಸನಿ ಇಲ್ಲ. ರಕ್ತದಾಗ ಆಮ್ಲಜನಕ ಕೂಡೂ ಜಾಗಾದಾಗ ಅದು ಹೋಗಿ ಕೂಡತೈತಿ, ಲಗೂ ಏಳಂಗಿಲ್ಲ. ಬೆರಳಿನ ಯಂತ್ರಕ್ಕ ಎರಡರ ಫರಕ್ ತಿಳಿಯಂಗಿಲ್ಲ. ಅದಕ್ಕ ನೀವು ಕಂಡದ್ದು ನನಗ ಬೇಕಾಗಿತ್ತು." ಬೆಳಗಿನ ತಲೆನೋವು, ಹೊರಗೆ ಬಂದರೆ ಹಗುರಾಗುವುದು, ರಾತ್ರಿ ಅಳದ ಕೂಸು, ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. "ಅಳದ ಕೂಸು," ಎಂದು ಅದೊಂದನ್ನು ಮಾತ್ರ ಇನ್ನೊಮ್ಮೆ ಹೇಳಿಕೊಂಡರು.

ಸಂಜೆಗೆ ಮಗಳು ಮಾತಾಡಿದಳು. ಕೂಸು ಮೊಲೆ ಹಿಡಿಯಲು ಇನ್ನೂ ತಡವಾಯಿತು. ಹಿಡಿಯಿತು ಎಂಬ ಸುದ್ದಿ ಮರುದಿನ ಏಜೆನ್ಸಿಯಲ್ಲಿದ್ದಾಗ ಫೋನಿನಲ್ಲಿ ಬಂತು. ಹೇಳಿದವರು ಯಜಮಾನರು. 

ತಾಯಿ ಮಗು ಮನೆಗೆ ಬಂದ ಮೇಲೆ ನಾನು ಮತ್ತೆ ಹೋದೆ. ಯಾರೂ ಕರೆದಿರಲಿಲ್ಲ. ನನಗೆ ಅದನ್ನು ಪೂರ್ತಿ ತಿಳಿಯಬೇಕಿತ್ತು. ಹೊರಸನ್ನು ಪಡಸಾಲೆಗೆ ತಂದು ಹಾಕಿದ್ದರು. ಕೋಣೆ ಖಾಲಿ ಇತ್ತು. ಒಲೆಯನ್ನು ಯಾರೂ ಮುಟ್ಟಿರಲಿಲ್ಲ.

ಈ ಸಲ ಆಯಿಯೇ ನನ್ನನ್ನು ಒಳಗೆ ಕರೆದರು. ನಾನು ಮೊದಲು ಕೋಣೆ ನೋಡಿದೆ. ಸರಿದಾಡುವ ಗಾಜಿನ ಕಿಟಕಿ. ಅದರ ಹಳಿಯ ಸಂದಿಗೆ ಹಳೆಯ ಸೀರೆ ಹರಿದು ಉದ್ದಕ್ಕೂ ತುರುಕಿದ್ದರು. ಮೇಲಿನ ಗಾಳಿಕಿಂಡಿಗೆ ಸೊಳ್ಳೆ ಬರುತ್ತವೆಂದು ರಟ್ಟು ಬಡಿದಿತ್ತು. ಬಾಗಿಲ ಕೆಳಗಿನ ಸಂದಿಗೆ ಹೊರಗಿನಿಂದ ಆಯಿಯ ಹಾಸಿಗೆ ಒತ್ತಿಕೊಳ್ಳುತ್ತಿತ್ತು. ಎಷ್ಟು ಪ್ರೀತಿಯಿಂದ ಮುಚ್ಚಿದ್ದರೆಂದರೆ ಒಂದು ಸಂದಿಯೂ ಉಳಿದಿರಲಿಲ್ಲ.

"ಸೀರಿ ಯಾವಾಗ ತುರುಕಿದ್ರಿ ಆಯಿ?"

"ಅದರ ಹಿಂದಿನ ದಿನ ಸಂಜೀಕ. ಚಳಿ ಭಾಳ ಬಿತ್ತಲ್ಲ."

ಅಲ್ಲಿಯವರೆಗೆ ಕಿಟಕಿಯ ಆ ಸಂದಿಯೊಂದೇ ಅವರಿಬ್ಬರನ್ನು ಉಳಿಸಿತ್ತು.

"ರಾತ್ರಿ ಕಾಕಾ ಮುಚ್ಚಿದ ಮ್ಯಾಲೆ ನೀವು ಮತ್ತ ಹಚ್ಚತಿದ್ರೇನು?"

"ಅವ ಮಲಗಿದ ಮ್ಯಾಲೆ. ಬಟ್ಟಿ ಕಾಸಿ, ಕೂಸಿನ ಹೊಟ್ಟಿಗೆ, ಅಕಿ ಸೊಂಟಕ್ಕ ಶಾಖ ಕೊಟ್ಟು, ಉರಿ ಸಣ್ಣ ಮಾಡಿ ಬಿಡತಿದ್ದೆ. ಕೆಂಡದ ಶೇಗಡಿ ಇದ್ದಂಗ ಕೋಣಿ ಬೆಚ್ಚಗಿರತಿತ್ತು. ಮುಂಜಾನೆ ಅವ ಎಮ್ಮಿ ಹಿಂಡಿ, ತೂಗಾಕ ಬರೂದ್ರಾಗ ಆರಿಸತಿದ್ದೆ. ಆವತ್ತ ಬಚ್ಚಲೊಲಿ ಮೊದಲ ಹಚ್ಚಿದೆ."

"ನನಗ್ಯಾಕ ಹೇಳಲಿಲ್ರಿ?"

"ನೀವು ಸೋರತೈತೇನಂತ ಕೇಳಿದ್ರಿ. ಸೋರತಿದ್ದಿಲ್ಲ. ಅದೂ ನೀವು ಕೇಳಿದ್ದು ಅವಗ, ನನಗಲ್ಲ. ಒಲಿ ಚಲೋ ಐತಿ ಅಂದಿದ್ದು ಮಾತ್ರ ನನಗ ಕೇಳಿಸಿತ್ತು."

ಮೊಮ್ಮಗಳು ಪಡಸಾಲೆಯಿಂದ ಹೇಳಿದಳು: "ಬಟ್ಟಿ ಕಾಸಿ ಆರಸತಾಳ ಅಂತ ನಾ ತಿಳಕೊಂಡಿದ್ದೆ. ನನಗ ಅಷ್ಟರಾಗ ನಿದ್ದಿ ಹತ್ತತಿತ್ತು."

ಆ ನಿದ್ದೆ ಎಂಥದೆಂದು ಈಗ ಅವಳಿಗೂ ಗೊತ್ತಿತ್ತು.

ಕಿಟಕಿ, ಬಾಗಿಲು ಪೂರ್ತಿ ತೆರೆದು, ರಟ್ಟು ಕಿತ್ತು, ಒಲೆ ಹಚ್ಚಿದೆ. ಸ್ಟ್ಯಾಂಡು ಇಟ್ಟಾಗ ಉರಿ ನೀಲಿ. ಸ್ಟ್ಯಾಂಡು ತೆಗೆದು, ಹಂಚನ್ನು ಆಯಿ ಇಡುತ್ತಿದ್ದಂತೆಯೇ ಬರ್ನರಿನ ಮೇಲೆ ಬೋರಲಾಗಿ ಇಡಲು ಅವರಿಗೇ ಹೇಳಿದೆ. ಸ್ಟ್ಯಾಂಡಿನ ಮೇಲೆ ಅದು ಅಲುಗಾಡುತ್ತಿತ್ತಂತೆ, ಕೂಸಿರುವ ಕೋಣೆಯಲ್ಲಿ ಬಿದ್ದೀತೆಂದು ಸ್ಟ್ಯಾಂಡು ತೆಗೆದಿದ್ದರು. ಹಂಚು ಕೂತ ಕೂಡಲೇ ಉರಿ ಅದುಮಿಕೊಂಡಿತು. ಪಕ್ಕದಿಂದ ಬರಬೇಕಾದ ಗಾಳಿಗೆ ದಾರಿ ಇಲ್ಲ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಹಳದಿ ನಾಲಿಗೆ. ಆರಿಸಿ, ಆರಲು ಬಿಟ್ಟು, ಹಂಚು ತಿರುಗಿಸಿ ಬೆರಳಾಡಿಸಿದರೆ ಕರೀ ಮಸಿ. ಅಂಗಳಕ್ಕೆ ಒಲೆ ಬಂದಾಗಲೆಲ್ಲ ಸ್ಟ್ಯಾಂಡು ಬಂದಿತ್ತು, ಹಂಚು ಬಂದಿರಲಿಲ್ಲ. ಹಂಚು ಅಡುಗೆಮನೆಯ ಸಾಮಾನು, ಒಲೆ ಕೇಳಿದವನಿಗೆ ಅದನ್ನು ಯಾರು ತಂದು ತೋರಿಸುತ್ತಾರೆ? ಈಗ ನಾನು ಯಾವ ಮನೆಗೆ ಹೋದರೂ ಒಲೆ ನೋಡಿದ ಮೇಲೆ, ಇದರ ಮೇಲೆ ಏನೇನು ಇಡುತ್ತೀರಿ, ತಂದು ಇಡಿ ಎನ್ನುತ್ತೇನೆ. ಕೇಳುವುದೂ ಅಡುಗೆ ಮಾಡುವವರನ್ನೇ.

ಆಯಿ ನನ್ನ ಬೆರಳಿನ ಮಸಿಯನ್ನೇ ನೋಡುತ್ತಿದ್ದರು.

"ಹಳೇ ಮನ್ಯಾಗ ಹೊರಸಿನ ಕೆಳಗ ಶೇಗಡಿ ಇಡತಿದ್ವಿ," ಎಂದರು, ಬಾಗಿಲಿಗೆ ಬಂದು ನಿಂತ ಮಗನ ಕಡೆ ಕೈಮಾಡಿ. "ಇವಗೂ ಹಂಗ ಕಾಸೇನಿ, ಇವನ ತಂಗಿಗೂ ಹಂಗ ಕಾಸೇನಿ. ಏನೂ ಆಗಲಿಲ್ಲ."

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಕಾಟಾ ಕಟ್ಟಿದ ದಿನ ಹಳೆಯ ಮನೆಯ ಮಾಳಿಗೆ ನೋಡಿದ್ದೆ. ನಡುವೆ ಬೆಳಕಿಂಡಿ ಇತ್ತು, ಅದರಿಂದ ಬಿಸಿಲು ಎಮ್ಮೆಯ ಬೆನ್ನ ಮೇಲೆ ಬೀಳುತ್ತಿತ್ತು. "ಅಲ್ಲಿ ಬೆಳಕಿಂಡಿ ಐತಲ್ರಿ ಆಯಿ. ಕೆಂಡದ ಕೆಟ್ಟ ಗಾಳಿ ಬಿಸಿಗೆ ಮ್ಯಾಲೇರಿ ಅದರಾಗ ಹಾದು ಹೋಗತಿತ್ತು. ಇಲ್ಲಿ ಸ್ಲ್ಯಾಬು. ನೀವು ಮಾಡಿದ್ದು ಅದ, ಮನಿ ಬ್ಯಾರೆ."

ಅವರಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಆಯಿ ನನ್ನ ಕೈಯಲ್ಲಿದ್ದ ಹಂಚಿನ ಮಸಿಯನ್ನು ಬೆರಳಿನಿಂದ ಮುಟ್ಟಿದರು.

"ತಮ್ಮಾ," ಎಂದರು. ಅಲ್ಲಿಯವರೆಗೆ ಮಿಸ್ತ್ರಿ ಎಂದಿದ್ದವರು. "ಇವನಕ್ಕಿಂತ ಮೊದಲ ನನಗೊಂದು ಹೆಣ್ಣಗೂಸು ಆಗಿತ್ತು. ಅದೂ ಅಳತಿದ್ದಿಲ್ಲ. ಶಾಣ್ಯಾ ಕೂಸು ಅಂತಿದ್ವಿ. ಒಂದಿನ ಮುಂಜಾನೆ ಏಳಲಿಲ್ಲ. ಸನ್ನಿ ಅಂದ್ರು."

"ಅದೂ ಹಳೇ ಮನ್ಯಾಗ ಹೌದಲ್ರಿ ಆಯಿ? ಅಲ್ಲಿ ಬೆಳಕಿಂಡಿ ಇತ್ತಲ್ಲ."

"ಹಳೇ ಮನ್ಯಾಗ. ಮಳಿಗಾಲ ಇತ್ತು." ಅವರು ಹಂಚನ್ನು ನನ್ನ ಕೈಯಿಂದ ತೆಗೆದುಕೊಂಡರು. "ಮಳಿ ಒಳಗ ಬರತೈತಂತ ಬೆಳಕಿಂಡಿಗೆ ಗಡಿಗಿ ಬೋರಲು ಹಾಕಿದ್ವಿ."

ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಈ ಮಾತು ಅವರಿಗೂ ಹೊಸದೆಂದು ಅವರ ಮುಖ ಹೇಳುತ್ತಿತ್ತು. ಆಯಿ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಇರಬಹುದು ಎನ್ನಲು ಬಾಯಿ ಬರಲಿಲ್ಲ, ಅಲ್ಲ ಎನ್ನಲು ನಾನು ನೋಡಿದ್ದೇನು? ಎಳೆಗೂಸುಗಳು ಬೇರೆ ಎಷ್ಟೋ ಕಾರಣಕ್ಕೆ ಹೋಗುತ್ತಿದ್ದ ಕಾಲ ಅದು.

"ನನಗ ಗೊತ್ತಿಲ್ರಿ ಆಯಿ," ಎಂದೆ.

"ಹೂಂ," ಎಂದರು. "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನಬೇಕು."

ಹಂಚನ್ನು ಬೂದಿ ಹಾಕಿ ತಿಕ್ಕಿ ತೊಳೆದು ಅಡುಗೆಮನೆಗೆ ಒಯ್ದರು. ರೊಟ್ಟಿ ತಿಂದು ಹೋಗು ಎಂದರು. ಇಲ್ಲವೆನ್ನಲಿಲ್ಲ. ಅಡುಗೆಮನೆಯ ಕಿಟಕಿಯನ್ನು ಗೋಡೆಯವರೆಗೆ ಸರಿಸಿ, ಒಲೆ ಹಚ್ಚಿ, ಬಗ್ಗಿ ಉರಿಯ ಬಣ್ಣ ನೋಡಿ, ಆಮೇಲೆ ಸ್ಟ್ಯಾಂಡಿನ ಮೇಲೆ ಹಂಚು ಇಟ್ಟರು. ಎರಡನೆಯ ರೊಟ್ಟಿ ಬಡಿಯುವಾಗ ಪಡಸಾಲೆಯಲ್ಲಿ ಕೂಸು ಅಳಲು ಶುರುಮಾಡಿತು. ಮೊದಲು ಸಣ್ಣಗೆ, ಆಮೇಲೆ ಮನೆ ತುಂಬ.

"ಆಯಿ, ಯಾಕ ಅಳಾಕತ್ತೇತಿ ನೋಡ ಬಾ," ಎಂದು ಮೊಮ್ಮಗಳು ಕರೆದಳು.

ಆಯಿ ಏಳಲಿಲ್ಲ. ಹಿಟ್ಟಿನ ಕೈ ಹಾಗೇ ಮೇಲೆ ಹಿಡಿದು, ತಲೆ ಸ್ವಲ್ಪ ಓರೆ ಮಾಡಿ, ಅಳುವನ್ನು ಕೇಳುತ್ತ ಕೂತರು. ಹಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬರತೊಡಗಿತ್ತು. ನಾನು ತಿರುವಿ ಹಾಕಿದೆ.